ಬಾಣದ ಗರಿ ಯಾವ ಹಕ್ಕಿಯದು?

ಚಿಕ್ಕೋಡಿಯಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಫೋನ್ ಮಾಡಿದ್ದ. ಅವನ ಮಗ ಒಂಬತ್ತನೇ ಕ್ಲಾಸು. ಬಿಲ್ಲುಗಾರಿಕೆ ಕಲಿಯಬೇಕೆಂದು ಹಟ ಹಿಡಿದು ಬಿದಿರಿನ ಬಿಲ್ಲೊಂದನ್ನು ತರಿಸಿಕೊಂಡಿದ್ದಾನಂತೆ. ತಕರಾರು ಇರುವುದು ಬಾಣದ್ದು. ಒಬ್ಬರು ಹಕ್ಕಿಯ ಗರಿ ಅಂಟಿಸಿದ ಬಾಣವೇ ಬೇಕು ಅಂತಾರೆ. ಇನ್ನೊಬ್ಬರು ಈ ಕಾಲದಲ್ಲಿ ಗರಿ ಯಾಕೆ, ಪ್ಲಾಸ್ಟಿಕ್ಕಿನದು ತಗೋ ಅಂತಾರೆ.

"ಉಸ್ತಾದ್, ಇಲ್ಲಿಯ ಹುಡುಗರು ಬಯಲಲ್ಲಿ ಬಿದ್ದಿದ್ದ ಹದ್ದಿನ ಗರಿ ಆರಿಸಿ ತಂದುಕೊಟ್ಟಿದ್ದಾರೆ. ಅದನ್ನೇ ಅಂಟಿಸಬಹುದಾ? ಇಲ್ಲಿಯ ಹಜರತ್ ಪರವಾಗಿಲ್ಲ ಅಂದ್ರು. ನಂಗ್ಯಾಕೋ ಸಂಶಯ."

ಸಂಶಯ ಬಂದದ್ದು ಒಳ್ಳೆಯದೇ ಆಯಿತು. ಆ ಒಂದು ಪ್ರಶ್ನೆಯ ಹಿಂದೆ ಬಿದ್ದು ನಾವೂ ಒಂದಿಷ್ಟು ಓದಿದೆವು, ಬಿಲ್ಲು ಹಿಡಿಯುವವರನ್ನು ಕೇಳಿದೆವು.

ಬಾಣದ ಬಾಲಕ್ಕೆ ಗರಿ ಇರುವುದು ಚಂದಕ್ಕಲ್ಲ. ಹೆದೆಯಿಂದ ಬಿಡುವಾಗ ಬಾಣ ಹಾವಿನಂತೆ ಬಳುಕುತ್ತದೆ. ಹಿಂದಿನ ಗರಿ ಗಾಳಿಯನ್ನು ಹಿಡಿದು ಬಾಲವನ್ನು ತಡೆಯುವುದರಿಂದ ಮೊನೆ ಮುಂದಾಗಿ ನೆಟ್ಟಗೆ ಹೋಗುತ್ತದೆ. ಸಾಮಾನ್ಯವಾಗಿ ಮೂರು ಗರಿ, ಸುತ್ತಲೂ ಸಮ ಅಂತರದಲ್ಲಿ. ಅವುಗಳಲ್ಲಿ ಒಂದರ ಬಣ್ಣ ಬೇರೆ. ಬಾಣವನ್ನು ಹೆದೆಗೆ ಹೂಡುವಾಗ ಆ ಗರಿ ಬಿಲ್ಲಿನಿಂದ ಹೊರಮುಖವಾಗಿರಬೇಕು, ಗುರುತು ಇಡುವುದು ಅದಕ್ಕೇ.

ಹಕ್ಕಿಯ ಗರಿ ಹಗುರ. ಅದೇ ಅಳತೆಯ ಪ್ಲಾಸ್ಟಿಕ್ ಎಲೆ ಎರಡು ಮೂರು ಪಟ್ಟು ಭಾರ ಬರುತ್ತದೆ. ಗರಿಯ ಮೈ ದೊರಗಾದ್ದರಿಂದ ಬಾಣವನ್ನು ಬೇಗ ನೇರ ಮಾಡುತ್ತದೆ. ಇನ್ನೊಂದು ದೊಡ್ಡ ಗುಣ ಅದರ ಮೆತುವು. ಬಿದಿರಿನ ಬಿಲ್ಲಿನಲ್ಲಿ ಬಾಣ ಕೈಯ ಮೇಲೋ ಬಿಲ್ಲಿನ ಮಗ್ಗುಲಿಗೋ ಉಜ್ಜಿಕೊಂಡು ಹೋಗುತ್ತದಲ್ಲ, ಆಗ ಗರಿ ಮಡಿಸಿಕೊಂಡು ದಾಟಿ ಮತ್ತೆ ಅರಳುತ್ತದೆ. ಪ್ಲಾಸ್ಟಿಕ್ ಹಾಗೆ ಬಾಗುವುದಿಲ್ಲ, ತಾಗಿ ಬಾಣವನ್ನೇ ಪಕ್ಕಕ್ಕೆ ದೂಡುತ್ತದೆ. ಕೈಗೂ ಗೀರು. ಬಾಣ ಕೂರಲು ಬೇರೆಯದೇ ಆಸರೆ ಇರುವ ಹೊಸ ಮಾದರಿಯ ಬಿಲ್ಲಿಗೆ ಮಾತ್ರ ಅದು ಸರಿ. ಅಲ್ಲಿ ಅದರ ಲಾಭವೂ ಇದೆ: ಬಾಳಿಕೆ ಹೆಚ್ಚು, ಸದ್ದು ಕಡಿಮೆ, ದೂರಕ್ಕೆ ಹೋದರೂ ವೇಗ ಅಷ್ಟು ಬೀಳುವುದಿಲ್ಲ. ಒಲಿಂಪಿಕ್ಸ್‌ನ 70 ಮೀಟರ್ ದೂರಕ್ಕೆ ಹೊಡೆಯುವವರು ಪ್ಲಾಸ್ಟಿಕ್ಕಿನ ತೆಳು ಸುರುಳಿ ಎಲೆಗಳನ್ನು ಅಂಟಿಸುವುದು ಸುಮ್ಮನೆ ಅಲ್ಲ. ನಮ್ಮ ದೇಶದ ಇಂಡಿಯನ್ ರೌಂಡ್ ವಿಭಾಗ ಬಿದಿರಿನ ಬಿಲ್ಲಿನದು, ದೂರ 30 ಮತ್ತು 50 ಮೀಟರ್. ಈ ಹುಡುಗ ಕಲಿಯುತ್ತಿರುವುದೂ ಅದನ್ನೇ.

ಗರಿಯ ವೈರಿ ಮಳೆ. ಒದ್ದೆಯಾದರೆ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ, ಬಾಣ ಎತ್ತಲೋ ಹೋಗುತ್ತದೆ. ನಮ್ಮ ಕರಾವಳಿಯ ಜಡಿಮಳೆಯಲ್ಲಿ ಗರಿಯ ಬಾಣ ಇಟ್ಟುಕೊಂಡವನು ನಾಲ್ಕು ತಿಂಗಳು ಅದನ್ನು ಅಟ್ಟಕ್ಕೇ ಹಾಕಬೇಕು. ಆದರೆ ಆ ಕಡೆಯ ಹವೆ ಬೇರೆ. ನಿಪ್ಪಾಣಿಗೆ ಸಹ್ಯಾದ್ರಿ ಹತ್ತಿರ, ತಂಬಾಕಿನ ಹೊಲಗಳ ಮೇಲೆ ಮಳೆ ಜೋರಾಗಿಯೇ ಬರುತ್ತದೆ. ಪೂರ್ವಕ್ಕೆ ಹೋದಂತೆ, ರಾಯಬಾಗ ದಾಟಿ ಕಾಗವಾಡ, ಅಥಣಿಯ ಕಡೆಗೆ, ನೆಲ ಒಣಗುತ್ತಾ ಹೋಗುತ್ತದೆ. ಅಲ್ಲಿ ಗರಿಗೆ ಅಂಜಿಕೆ ಇಲ್ಲ. ಒಂದೇ ಜಿಲ್ಲೆಯಲ್ಲಿ ಎರಡು ಉತ್ತರ!

ಇನ್ನು ಶಿಕಾರಿಯ ಮಾತು. ಅಂಗಡಿಯವನು ಅಗಲ ಅಲಗಿನ ಮೊನೆಯನ್ನೂ ತೋರಿಸಿದ್ದನಂತೆ, "ಬೇಟೆಗೂ ಆಗ್ತದ" ಅಂತ. ಅಲಗು ಅಗಲವಾದರೆ ಮುಂದುಗಡೆಯೇ ಗಾಳಿ ಹಿಡಿದು ಬಾಣ ಓಲಾಡುತ್ತದೆ, ಅದನ್ನು ಸರಿದೂಗಿಸಲು ಹಿಂದೆ ದೊಡ್ಡ ಗರಿಯನ್ನು ತುಸು ತಿರುಚಿ ಅಂಟಿಸಬೇಕು. ಅಷ್ಟು ತಿಳಿದಿದ್ದರೆ ಸಾಕು, ಕೊಳ್ಳುವುದು ಬೇಡ. ಆ ಸೀಮೆಯಲ್ಲಿ ಬೇಟೆಯ ಕಸುಬಿನವರು ಹಿಂದೆ ಇದ್ದರು. ಆಚೆ ಮುಧೋಳ ಕಡೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ಎದುರು ನಿಂತದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಬ್ಬಿನ ಗದ್ದೆಯ ಮೊಲಕ್ಕೂ ಬಾಣ ಬಿಡುವ ಹಾಗಿಲ್ಲ. ನವಿಲು, ಜಿಂಕೆಯ ಮಾತು ಹೇಳುವುದೇ ಬೇಡ. ಪೇಪರಿನಲ್ಲಿ ಮಗನ ಹೆಸರು ಬರಬೇಕಾದ್ದು ಕ್ರೀಡಾ ಪುಟದಲ್ಲಿ. ಊರಿನ ಕೋಳಿಯನ್ನು ಗುರಿಯಾಗಿ ಕಟ್ಟುವುದಂತೂ ಕೂಡದು. ಹುಡುಗರು ಹಾಗೆ ಕೋಳಿ ಕಟ್ಟಿ ಬಾಣ ಬಿಡುವುದನ್ನು ಕಂಡು ಇಬ್ನು ಉಮರ್(ರ) ಸಿಟ್ಟಾದದ್ದು ಹದೀಸಿನಲ್ಲೇ ಇದೆ.

ಗರಿಯ ಬೆಲೆ ಗೊತ್ತಾಗಬೇಕಾದರೆ ಬೇಟೆಯ ಅಧ್ಯಾಯದ 'ಮಿಅರಾದ್' ನೋಡಬೇಕು. ಅದು ಗರಿಯಿಲ್ಲದ ಬಾಣ. ಅದರಿಂದ ಹೊಡೆದ ಪ್ರಾಣಿಯ ಬಗ್ಗೆ ಅದಿಯ್ಯ್ ಬಿನ್ ಹಾತಿಮ್(ರ) ಪ್ರವಾದಿ(ಸ)ಯವರನ್ನು ಕೇಳಿದ್ದರು. ಮೊನೆ ಚುಚ್ಚಿ ಸತ್ತರೆ ತಿನ್ನಬಹುದು, ಅಡ್ಡವಾಗಿ ಬಡಿದು ಸತ್ತರೆ ಅದು ಪೆಟ್ಟಿಗೆ ಸತ್ತದ್ದು, ತಿನ್ನಬಾರದು ಎಂಬುದು ಉತ್ತರದ ಸಾರ. ಗರಿ ಇಲ್ಲದ ಕಡ್ಡಿ ಅಡ್ಡ ತಿರುಗುತ್ತದೆ ಎನ್ನುವುದು ಆ ಕಾಲದವರಿಗೆ ಅನುಭವದ ಮಾತು.

ಈಗ ಹದ್ದಿನ ಗರಿಗೆ ಬರೋಣ. ಚಿಕ್ಕೋಡಿಯ ಹಜರತ್ ಹೇಳಿದ್ದು ತಪ್ಪಲ್ಲ. ಆ ಭಾಗದವರು ಹನಫಿಗಳು. ಕೂದಲು, ಗರಿಯಲ್ಲಿ ಜೀವ ಇಲ್ಲ, ಆದ್ದರಿಂದ ಸತ್ತ ಪ್ರಾಣಿಯದ್ದಾದರೂ ಶುದ್ಧ ಎಂಬುದು ಅವರ ಮದ್‌ಹಬ್. ನಾವು ಬ್ಯಾರಿಗಳು ಶಾಫಿಈಗಳು. ನಮ್ಮಲ್ಲಿ ಝಬಹ್ ಮಾಡದೆ ಸತ್ತ ಹಕ್ಕಿಯ ಗರಿ ನಜಸ್. ಹದ್ದು, ಗಿಡುಗದಂಥ ತಿನ್ನಬಾರದ ಹಕ್ಕಿಯಾದರೆ, ಬದುಕಿರುವಾಗಲೇ ಉದುರಿದ ಗರಿಯೂ ನಜಸ್. ತಿನ್ನಬಹುದಾದ ಹಕ್ಕಿಯದ್ದು, ಝಬಹ್ ಮಾಡಿದ್ದಾಗಲಿ ಬದುಕಿರುವಾಗ ಉದುರಿದ್ದಾಗಲಿ, ಶುದ್ಧ. ಯಾವ ಹಕ್ಕಿಯದೆಂದೇ ಗೊತ್ತಿಲ್ಲದ ಅಂಗಡಿಯ ಗರಿಯನ್ನು ಶುದ್ಧವೆಂದೇ ಎಣಿಸಬೇಕು. ನಮ್ಮ ದರ್ಸ್‌ಗಳಲ್ಲಿ ಓದುವ ಫತ್‌ಹುಲ್ ಮುಈನ್‌ನಲ್ಲೇ ಇದೆ.

ಹಾಗೆಂದು ಒಣಗಿದ ಹದ್ದಿನ ಗರಿ ಮುಟ್ಟಿದ ಮಾತ್ರಕ್ಕೆ ಕೈ ಕೆಡುವುದಿಲ್ಲ, ಒದ್ದೆ ಇದ್ದರೆ ತೊಳೆಯಬೇಕು. ಕಷ್ಟ ಇರುವುದು ಬೆನ್ನಿಗೆ ಬತ್ತಳಿಕೆ ಕಟ್ಟಿಕೊಂಡೇ ಮೈದಾನದಲ್ಲಿ ಳುಹರ್ ನಮಾಝಿಗೆ ನಿಂತಾಗ. ನಜಸ್ ಹೊತ್ತುಕೊಂಡ ನಮಾಝ್ ಸಿಂಧುವಲ್ಲ. ಶಾಫಿಈ ಪಂಡಿತರು ಇಂಥದ್ದನ್ನೂ ಬಿಟ್ಟಿಲ್ಲ. ಯುದ್ಧದ ನಡುವಿನ ನಮಾಝಿನ ಅಧ್ಯಾಯದಲ್ಲಿ ತಿನ್ನಬಾರದ ಹಕ್ಕಿಯ ಗರಿ ಕಟ್ಟಿದ ಬಾಣದ ಮಾತು ಬರುತ್ತದೆ. ಸ್ವತಃ ಇಮಾಮ್ ಶಾಫಿಈ(ರ) ಪಳಗಿದ ಬಿಲ್ಲುಗಾರರಾಗಿದ್ದರಲ್ಲ!

ಅವನಿಗೆ ನಾವು ಹೇಳಿದ್ದು ಇಷ್ಟು. ಹದ್ದಿನ ಗರಿ ಬಿಟ್ಟುಬಿಡು, ಅದಕ್ಕೆ ಕಾಯ್ದೆಯ ತೊಡಕೂ ಬರಬಹುದು. ಬಿದಿರಿನ ಬಿಲ್ಲಿಗೆ ಗರಿಯೇ ಸರಿ, ಟರ್ಕಿ ಕೋಳಿಯದ್ದು ಎಲ್ಲಕ್ಕಿಂತ ಒಳ್ಳೆಯದು, ಬಾತುಕೋಳಿಯ ರೆಕ್ಕೆಯದ್ದೂ ನಡೆಯುತ್ತದೆ. ಸಾಕುವವರಲ್ಲಿ ಕೇಳಿದರೆ ಝಬಹ್ ಆದ ಮೇಲೆ ಬಿಸಾಡುವ ಗರಿಯನ್ನು ಸುಮ್ಮನೆ ಕೊಡುತ್ತಾರೆ. ಬಲ ರೆಕ್ಕೆಯದ್ದು ಒಂದು ಗಂಟು, ಎಡ ರೆಕ್ಕೆಯದ್ದು ಇನ್ನೊಂದು ಗಂಟು ಮಾಡಿಡು. ಎರಡರ ಬಾಗು ಬೇರೆ ಬೇರೆ, ಒಂದೇ ಬಾಣದಲ್ಲಿ ಬೆರೆಸಿದರೆ ಒಂದನ್ನೊಂದು ಎಳೆದಾಡುತ್ತವೆ. ಅಂಟಿನ ಮೇಲೆ ಗರಿಯ ಎರಡು ತುದಿಗೂ ದಾರ ಸುತ್ತಬೇಕು. ಬಿಟ್ಟುಬಂದ ಗರಿಯ ಕಡ್ಡಿ ಅಂಗೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಮಸೀದಿಯೋ ಸಂತೆಯೋ, ಜನರ ನಡುವೆ ಹೋಗುವಾಗ ಮೊನೆಯನ್ನು ಕೈಯಲ್ಲಿ ಹಿಡಿದಿರಲಿ ಎಂದು ಪ್ರವಾದಿ(ಸ)ಯವರು ಹೇಳಿದ್ದನ್ನೂ ಮಗನಿಗೆ ನೆನಪಿಸಿದೆವು.

ಮೊನ್ನೆ ಮತ್ತೆ ಫೋನ್ ಬಂತು. ಕುಡಚಿಯಲ್ಲಿ ಪರಿಚಯದ ಮನೆಯೊಂದರಲ್ಲಿ ಟರ್ಕಿ ಇದೆಯಂತೆ. ಮದುವೆಗೆ ಕೊಯ್ಯುತ್ತಾರೆ, ಅಲ್ಲಿಯವರೆಗೆ ಕಾಯಲು ಹುಡುಗನಿಗೆ ತಾಳ್ಮೆ ಇಲ್ಲ.