ಉತ್ರಿದುರ್ಗಕ್ಕೆ ಉಪ್ಪಿನ ಪೊಟ್ಟಣ

ಜೂನ್ ಬಂತೆಂದರೆ ಬೆಂಗಳೂರಿನಿಂದ ಅಳಿಯನ ಫೋನು. "ಮಾವ, ಈ ಶನಿವಾರ ಹುತ್ರಿದುರ್ಗ. ಆರು ಜನ ಇದೀವಿ. ಮಳೆ ಜೋರಾ? ಜಿಗಣೆ ಕಾಟ ಹೆಂಗೆ? ಹತ್ರದಲ್ಲಿ ಆದಿವಾಸಿ ಹಾಡಿ ಇದ್ರೆ ತೋರಿಸ್ತೀರಾ?"

ಒಂದೇ ಉಸಿರಿಗೆ ಮೂರು ತಪ್ಪು. ಅವನೊಬ್ಬನನ್ನೇ ಅಂದು ಪ್ರಯೋಜನವಿಲ್ಲ. ಬೆಟ್ಟ ಎಂದರೆ ಮಲೆನಾಡು, ಮಳೆಗಾಲ ಎಂದರೆ ಮಂಜು, ಬುಡಕಟ್ಟು ಎಂದರೆ ಕಾಡಿನಂಚಿನ ಗುಡಿಸಲು ಮತ್ತು ಕುಣಿತ ಎಂಬ ಒಂದೇ ಅಚ್ಚಿನಲ್ಲಿ ಕರ್ನಾಟಕವನ್ನೆಲ್ಲ ಎರಕ ಹೊಯ್ದುಕೊಂಡು ಹೊರಡುವವರು ವರ್ಷವರ್ಷವೂ ಹೆಚ್ಚುತ್ತಿದ್ದಾರೆ. ಕುಣಿಗಲ್ ತಾಲ್ಲೂಕಿನ ಈ ಬೋಳುಬಂಡೆಯ ಬೆಟ್ಟ ಆ ಅಚ್ಚಿಗೆ ಕೂರುವುದಿಲ್ಲ.

ಜೂನ್, ಜುಲೈ ಇಲ್ಲಿಯ ಭಾರೀ ಮಳೆಗಾಲ ಎಂಬುದು ಮೊದಲ ನಂಬಿಕೆ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರಿನ ಮೋಡ ಪಶ್ಚಿಮಘಟ್ಟಕ್ಕೆ ತಗುಲಿ ಅಲ್ಲೇ ಬರಿದಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿದರೆ, ತುಮಕೂರು ಜಿಲ್ಲೆಯ ಸರಾಸರಿ 600ರಿಂದ 700 ಮಿ.ಮೀ. ಆಸುಪಾಸು. ಆ ಎರಡು ತಿಂಗಳು ನಮಗೆ ಸಿಗುವುದು ಬೀಸುಗಾಳಿ, ನಡುನಡುವೆ ತುಂತುರು. ರಾಗಿ ಬಿತ್ತಿದವರು ಮುಗಿಲು ನೋಡುತ್ತಾ ಕೂತಿರುವ ಕಾಲ ಅದು. ನಿಜವಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರವರ ಲೆಕ್ಕದಲ್ಲಿ ಹೇಳುವುದಾದರೆ ಉತ್ರೆ, ಹಸ್ತೆ, ಚಿತ್ತೆ. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಗುಡುಗಿನ ಮಳೆ ನಾಲ್ಕು ದಿನ ಬಂದು ಹೋಗುತ್ತದೆ.

ಇದನ್ನು ತಿಳಿಯದೆ ಹೋದರೆ ಕಳೆದುಕೊಳ್ಳುವುದು ಫೋಟೊ ಮಾತ್ರ ಎಂದುಕೊಂಡಿದ್ದೆ. ಆಮೇಲೆ ಒಂದು ಅಕ್ಟೋಬರ್ ಮಧ್ಯಾಹ್ನ ನಾನೇ ಮೇಲೆ ಸಿಕ್ಕಿಹಾಕಿಕೊಂಡೆ. ಎರಡು ಗಂಟೆವರೆಗೂ ಬಿಸಿಲು ಚುರುಗುಟ್ಟುತ್ತಿತ್ತು. ಮಾಗಡಿ ದಿಕ್ಕಿನಲ್ಲಿ ಕಪ್ಪು ಕಟ್ಟಿದ್ದು ಕಂಡು ಅರ್ಧ ಗಂಟೆಯಾಗುವುದರೊಳಗೆ ತಲೆಯ ಮೇಲೆಯೇ ಗುಡುಗು. ನಮ್ಮ ಕಡೆಯ ಈ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಿಡಿಲನ್ನು ಜೊತೆಗಿಟ್ಟುಕೊಂಡೇ ಬರುತ್ತದೆ. ಸಮುದ್ರಮಟ್ಟದಿಂದ 1,100 ಮೀಟರ್ ದಾಟುವ ಬೋಳುಬಂಡೆಯ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ. ಮರದಡಿ ನಿಂತರೆ, ಕಲ್ಲುಮಂಟಪದೊಳಗೆ ನುಸುಳಿದರೆ ಬಚಾವ್ ಎಂಬುದೂ ಸುಳ್ಳು. ಒಂಟಿಮರ ಸಿಡಿಲನ್ನು ಕರೆಯುತ್ತದೆ, ನಾಲ್ಕೂ ಕಡೆ ತೆರೆದ ಮಂಟಪ ಅದನ್ನು ತಡೆಯುವುದಿಲ್ಲ. ಗುಡುಗು ಕಿವಿಗೆ ಬಿದ್ದ ಕೂಡಲೇ ಇಳಿಯಬೇಕು. ಬೆಳಗ್ಗೆ ಆರಕ್ಕೆ ಹತ್ತಿ ಹನ್ನೊಂದಕ್ಕೆ ಕೆಳಗೆ ಸಂತೆಪೇಟೆಯಲ್ಲಿದ್ದರೆ ಈ ತಂಟೆಯೇ ಇಲ್ಲ.

ಇಳಿಯುವಾಗ ಕಲಿತದ್ದು ಇನ್ನೊಂದು. ಒಳ್ಳೆಯ ಶೂ ಇದ್ದರೆ ಬಂಡೆ ಜಾರುವುದಿಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿರುತ್ತಾನೆ. ಬಂಡೆಯ ಮೈಯನ್ನು ಒಮ್ಮೆ ಬಗ್ಗಿ ನೋಡಿ. ಮೇಲಿಂದ ಕೆಳಗೆ ಯಾರೋ ಡಾಂಬರು ಸುರಿದ ಹಾಗೆ ಕರಿ ಪಟ್ಟೆಗಳಿರುತ್ತವೆ. ಅವು ನೀರು ಹರಿಯುವ ದಾರಿ, ಪಾಚಿ ಒಣಗಿ ಕಪ್ಪಾಗಿರುವ ಜಾಗ. ಒಣಗಿದ್ದಾಗ ಉಪ್ಪುಕಾಗದದ ಹಾಗೆ ತರಿತರಿ, ನಾಲ್ಕು ಹನಿ ಬಿದ್ದರೆ ಸಾಬೂನು. ಪಕ್ಕದಲ್ಲೇ ಒಂದಡಿ ಆಚೆ ಬೂದುಬಣ್ಣದ ಒರಟು ಕಲ್ಲು ನೆನೆದರೂ ಕಾಲು ಹಿಡಿಯುತ್ತದೆ. ಅವತ್ತು ನನ್ನ ಮುಂದೆ ಇಳಿಯುತ್ತಿದ್ದ ಕುರಿಗಾಹಿ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿಯೂ ಇರಲಿಲ್ಲ. ಕರಿ ಪಟ್ಟೆ ಬಂದಾಗಲೆಲ್ಲ ಸುಮ್ಮನೆ ದಾಟಿ ಹೋಗುತ್ತಿದ್ದ. ನನ್ನ ಶೂಗಳ ಬೆಲೆ ಇಲ್ಲಿ ಬರೆಯುವುದು ಬೇಡ.

ಜಿಗಣೆಯ ವಿಷಯಕ್ಕೆ ಎರಡೇ ಮಾತು. ಇಲ್ಲ, ಬರುವುದಿಲ್ಲ. ಅಳಿಯ ತಂದಿದ್ದ ಉಪ್ಪಿನ ಪೊಟ್ಟಣ ಸೀಬೆಕಾಯಿಗೆ ಆಯಿತು.

ಚಿಕ್ಕ ಬೆಟ್ಟ, ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್, ಕಾಡುಪ್ರಾಣಿ ಎಲ್ಲಿಂದ ಬರಬೇಕು, ರಾತ್ರಿಯೇ ಹತ್ತಿ ಸೂರ್ಯೋದಯ ನೋಡೋಣ ಎನ್ನುವವರಿಗೆ ಮಾತ್ರ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಚಿರತೆಗೆ ದಟ್ಟಕಾಡು ಬೇಕಿಲ್ಲ. ಬಂಡೆಸಂದು, ಕುರುಚಲು, ಊರ ನಾಯಿ, ಕುರಿ ಇದ್ದರೆ ಸಾಕು. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದರು. ಕರಡಿಗಳೂ ಈ ಜಿಲ್ಲೆಯ ಗುಡ್ಡಗಳಿಗೆ ಹೊಸಬರಲ್ಲ.

ಇನ್ನು ಕೋಟೆ. ಮಾಗಡಿ ಕೆಂಪೇಗೌಡರ ಹೆಸರಿನೊಂದಿಗೆ ಬೆಸೆದುಕೊಂಡದ್ದು, ಒಂದರ ಮೇಲೊಂದು ಸುತ್ತಿನದು, ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. ಇಂಥ ಕಡಿದಾದ ದುರ್ಗ ಯಾರಿಗೂ ಸೋತಿಲ್ಲ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಮೂರನೇ ಮೈಸೂರು ಯುದ್ಧದಲ್ಲಿ ಸಾವನದುರ್ಗ ಬಿದ್ದದ್ದು 1791ರ ಡಿಸೆಂಬರ್ 21ಕ್ಕೆ. ಅಲ್ಲಿಂದ ಮೂರನೇ ದಿನ, 24ಕ್ಕೆ, ಕಾರ್ನ್‌ವಾಲಿಸನ ಸೈನ್ಯ ಇದನ್ನೂ ಹಿಡಿಯಿತು.

ಹಾಡಿಯ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ. ಹಾಡಿ ಎಂಬುದು ಕೊಡಗು, ಎಚ್.ಡಿ. ಕೋಟೆ ಕಡೆ ಜೇನುಕುರುಬರಂಥವರ ವಸತಿಯ ಹೆಸರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಪೋಡು. ಗುಬ್ಬಿ, ಶಿರಾ, ಚಿಕ್ಕನಾಯಕನಹಳ್ಳಿ ಸೀಮೆಯ ಕಾಡುಗೊಲ್ಲರದು ಹಟ್ಟಿ. ನಮ್ಮ ಮಗ್ಗುಲಿಗೇ, ಮಾಗಡಿ, ರಾಮನಗರ ಕಡೆ, ಇರುಳಿಗರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಸಮುದಾಯ. ಸಾವನದುರ್ಗಕ್ಕೆ ಹೋಗುವವರು ದಾರಿಯಲ್ಲಿ ಅವರ ಕಾಲೊನಿ ದಾಟಿಯೂ ಗುರುತಿಸುವುದಿಲ್ಲ, ಏಕೆಂದರೆ ಗರಿ ಮುಡಿದು ಯಾರೂ ನಿಂತಿರುವುದಿಲ್ಲ. ಜೇನು ಬಿಚ್ಚುವ ಕೈಗಳೇ ಈಗ ತೋಟದ ಕೂಲಿಗೆ ಹೋಗುತ್ತವೆ.

ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕೂಗು ಬಹಳ ವರ್ಷಗಳದು. ಆಳೆತ್ತರದ ಗಣೆ ಊದುತ್ತಾ ಜುಂಜಪ್ಪನ ಕಥೆ ಹಾಡುವವರು ಅವರು. ಇಡೀ ರಾತ್ರಿ ಕೂತು ಕೇಳಬೇಕಾದ ಹಾಡು. ಆದರೆ ಪದ್ಧತಿಯೆಲ್ಲ ಮುಗ್ಧ, ನಾವು ಹೋಗಿ ಬೆರಗಾಗಿ ಬರಬೇಕು ಎಂಬ ನಂಬಿಕೆಗೆ ನನ್ನ ತಕರಾರಿದೆ. ಮುಟ್ಟಾದವರನ್ನು, ಬಾಣಂತಿಯರನ್ನು ಸೂತಕವೆಂದು ಹಟ್ಟಿಯಾಚೆ ಗುಡಿಸಲಲ್ಲಿ ಇಡುವುದೂ ಅದೇ ಪದ್ಧತಿಯ ಭಾಗ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಹೊರಗಿಟ್ಟಿದ್ದ ಬಾಣಂತಿಯ ಕೂಸು ಗಾಳಿ ಮಳೆಯ ಶೀತಕ್ಕೆ ಸತ್ತುಹೋಯಿತು. ಅದನ್ನು ಬಿಡಿಸಲು ಹಟ್ಟಿಯ ಒಳಗಿನ ಹೆಣ್ಣುಮಕ್ಕಳೇ ಜಗಳ ತೆಗೆದಿರುವಾಗ, ಹೊರಗಿನವರು ಕ್ಯಾಮೆರಾ ಹಿಡಿದು 'ಸಂಸ್ಕೃತಿ' ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಮಳೆ, ಬೆಟ್ಟ, ಆದಿವಾಸಿ ಬದುಕು ಮೂರೂ ಒಟ್ಟಿಗೆ ಬೇಕೇಬೇಕು ಎಂದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಲಿ. ಹುಲಿ ಇರುವಲ್ಲಿ ಜನ ಇರಬಾರದು ಎಂಬ ಮಾತೂ ಅಲ್ಲಿ ಅರ್ಧಸತ್ಯವೇ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅದೇ ಕಾಡಿನ ಮೇಲೆ ಸೋಲಿಗರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಬೆಟ್ಟದ ರಂಗಪ್ಪ ಸೋಲಿಗರಿಗೆ ದೇವರಿಗಿಂತ ಮೊದಲು ಭಾವ, ತಮ್ಮ ಕುಲದ ಕುಸುಮಾಲೆಯನ್ನು ಕಟ್ಟಿಕೊಂಡವನು. ಗೊರುಕನ ಹಾಡೂ ಅಲ್ಲಿಯದೇ, ಅದರ ಹೊತ್ತನ್ನು ಅವರ ಹಬ್ಬ ಗೊತ್ತುಮಾಡುತ್ತದೆ. ಬಂದ ನೆಂಟರಿಗೆ ಬೇಕಾದಾಗ ಹಚ್ಚುವ ರೇಡಿಯೊ ಅದಲ್ಲ.

ಕಡೆಯದು ಹೆಸರಿನ ಗೊಂದಲ. ಹುತ್ರಿ ಎಂದರೆ ಕೊಡಗಿನ ಹುತ್ತರಿ ಹಬ್ಬ ಎಂದು ಅಳಿಯನ ಗೆಳೆಯನೊಬ್ಬ ವಾದಿಸಿದ್ದ. ಅದು ಪುತ್ತರಿ, ಹೊಸ ಅಕ್ಕಿಯ ಹಬ್ಬ, ಭತ್ತದ ನಾಡಿನದು. ರಾಗಿ ಸೀಮೆಯ ನಮ್ಮವರ ಬಾಯಲ್ಲಿ ಇದು ಉತ್ರಿದುರ್ಗ, ಉತ್ತರಿಬೆಟ್ಟ. ಈ ಗೊಂದಲದಿಂದ ಯಾರ ಕಾಲೂ ನೋಯುವುದಿಲ್ಲ. ನೋಯಿಸುವುದು ಇನ್ನೊಂದು: ಕುಣಿಗಲ್ ತಾಲ್ಲೂಕಿನಲ್ಲಿ ಎರಡು ದುರ್ಗಗಳಿವೆ. ಹುತ್ರಿದುರ್ಗ ಮಾಗಡಿ ಕಡೆಗೆ, ಹುಲಿಯೂರುದುರ್ಗ ಮದ್ದೂರು ರಸ್ತೆಗೆ. ಕಂಡಕ್ಟರು ಬರೀ "ದುರ್ಗ, ದುರ್ಗ" ಎಂದು ಕೂಗುತ್ತಾನೆ.

ಹೋದ ನವೆಂಬರ್‌ನಲ್ಲಿ, ನಾನು ಹೇಳಿದ ಹಾಗೆಯೇ ಮಳೆ ನಿಂತ ಮೇಲೆ, ಅಳಿಯ ಹೊರಟ. ಬೆಳಗ್ಗೆ ಏಳಕ್ಕೆ ಫೋನು.

"ಮಾವ, ದುರ್ಗದಲ್ಲಿ ಇಳಿದ್ವಿ. ಸಂತೆಪೇಟೆ ಎಲ್ಲಿ ಅಂದ್ರೆ ಯಾರೂ ಹೇಳ್ತಿಲ್ಲ."

"ಎದುರಿಗೆ ಮದ್ದೂರು ಬೋರ್ಡಿನ ಬಸ್ಸು ನಿಂತಿದೆಯೇನೋ?"

"ಎರಡಿವೆ."

"ಅಲ್ಲೇ ಕಾಫಿ ಕುಡಿದು ವಾಪಸ್ ಕುಣಿಗಲ್ ಬಸ್ಸು ಹತ್ತಿ ಕಣಪ್ಪ. ನಿಮ್ಮತ್ತೆಗೆ ತಿಂಡಿ ಮಾಡೋಕೆ ಹೇಳ್ತೀನಿ."