ಕರಪತ್ರವೋ, ಸ್ಟೇಟಸ್ಸೋ? ಮುಧೋಳದಲ್ಲಿ ಡಿಸ್ಕ್ ಗಾಲ್ಫ್‌ಗೆ ಆಟಗಾರರನ್ನು ಹುಡುಕಿದ ಲೆಕ್ಕ

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಹೊಸ ಆಟ ಆಡಿಸೋಕೆ ಹೊರಟ್ವಿ. ಊರು ಮುಧೋಳ, ಆಟ ಡಿಸ್ಕ್ ಗಾಲ್ಫ್. ಇನ್‌ಸ್ಟಾಗ್ರಾಂನಲ್ಲಿ ಚೆಂದದ ಪೋಸ್ಟರ್ ಹಾಕಿದ್ವಿ. ಮೊದಲು ಬಂದ ಮೆಸೇಜ್ ಏನು ಗೊತ್ತಾ? “ಬ್ರೋ, ನಾಯಿಮರಿ ಸಿಗ್ತಾವೇನು?”

ಅವರ ತಪ್ಪಲ್ಲ. ಮುಧೋಳ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಬಾಗಲಕೋಟೆ ಜಿಲ್ಲೆಯ ಮುಧೋಳ, ಅಲ್ಲಿಯ ಬೇಟೆನಾಯಿ. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೂ ಅದೇ ಹೆಸರಿನ ಊರಿದೆ. ನಮ್ಮದು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮುಧೋಳ. ಬಾಗಲಕೋಟೆ ಕಡೆಯ ಮುಧೋಳಕ್ಕೂ ನಮ್ಮೂರಿಗೂ ಇನ್ನೂರು ಕಿ.ಮೀ.ಗಿಂತ ಹೆಚ್ಚು ದೂರ. ನಮ್ಮ ಪೋಸ್ಟರ್ ಆ ಇನ್ನೂರು ಕಿ.ಮೀ. ಆರಾಮಾಗಿ ದಾಟಿತ್ತು. ಆದರೆ ಶಾಲೆ ಮೈದಾನದ ಪಕ್ಕದ ಓಣಿಗೆ ಮುಟ್ಟಿರಲಿಲ್ಲ.

ಹೊಸ ಆಟಕ್ಕೆ ಆಟಗಾರರನ್ನು ಕರೆಯೋಕೆ ಅಚ್ಚಾದ ಕಾಗದ ಒಳ್ಳೇದೋ, ಆನ್‌ಲೈನ್ ಒಳ್ಳೇದೋ? ನಮ್ಮಲ್ಲಿ ಒಬ್ಬ ಮುಧೋಳದವ, ಉಳಿದವರು ಚಿತ್ತಾಪುರ, ವಾಡಿ, ಶಹಾಬಾದಿನವರು. ನಾಲ್ವರೂ ಫೋನಿನಲ್ಲೇ ಬೆಳೆದವರು, ಹಾಗಾಗಿ ಉತ್ತರ ಗೊತ್ತೇ ಇದೆ ಅಂದ್ಕೊಂಡಿದ್ವಿ.

ಮೊದಲು ಆಟ ಏನು ಅಂತ

ಗಾಲ್ಫ್‌ನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಹಾಕ್ತಾರೆ. ಇಲ್ಲಿ ಚೆಂಡಿನ ಬದಲು ತಟ್ಟೆ, ಕುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಗುರುತು ಮಾಡಿದ ಜಾಗದಿಂದ ತಟ್ಟೆ ಎಸೆಯಬೇಕು. ಅದು ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ದೂರಕ್ಕೆ ಡ್ರೈವರ್, ನಡುವಿನ ಅಂತರಕ್ಕೆ ಮಿಡ್‌ರೇಂಜ್, ಹತ್ತಿರಕ್ಕೆ ಪಟ್ಟರ್ ಅಂತ ಮೂರು ಬಗೆಯ ತಟ್ಟೆ ಇರ್ತವೆ.

ಆಟಕ್ಕೆ ಈಗಿನ ರೂಪ ಕೊಟ್ಟವರಲ್ಲಿ ಮುಖ್ಯ ಹೆಸರು ಅಮೆರಿಕದ ಎಡ್ ಹೆಡ್ರಿಕ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಅಧಿಕೃತ ಅಂಕಣ ಮಾಡಿಸಿ, ಸರಪಳಿ ಬುಟ್ಟಿ ರೂಪಿಸಿ, 1976ರಲ್ಲಿ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ ಅಂದರೆ ಪಿಡಿಜಿಎ ಶುರು ಮಾಡಿದವರು ಅವರೇ. ಅದಕ್ಕೂ ಮೊದಲು ಜನ ಮರಕ್ಕೆ, ಕಂಬಕ್ಕೆ, ಕಸದ ಡಬ್ಬಿಗೆ ಗುರಿ ಇಟ್ಟು ಆಡ್ತಿದ್ದರು.

ಇದು ಓದಿ ನಮಗೆ ಧೈರ್ಯ ಬಂತು. ಮುಧೋಳದಲ್ಲಿ ಬೇವಿನ ಮರಕ್ಕೇನು ಕಮ್ಮಿ? ಒಂದು ಸೈಕಲ್ ರಿಮ್ಮಿಗೆ ಹಳೇ ಸರಪಳಿ ಇಳಿಬಿಟ್ಟು ಒಂದು ಬುಟ್ಟಿ ಮಾಡಿದ್ವಿ. ಉಳಿದ ಗುರಿಗಳೆಲ್ಲ ಮರ, ಕಂಬ. ಎಸೆಯೋ ಜಾಗಕ್ಕೆ ಒಂದೊಂದು ಶಹಾಬಾದ್ ಪರಸಿ ಕಲ್ಲು ಹಾಸಿದ್ವಿ. ಮುಖ್ಯ ಗುರುಗಳು ಮೈದಾನಕ್ಕೆ ಹೂಂ ಅಂದ್ರು. ಅಂಕಣ ರೆಡಿ, ಆಟಗಾರರೇ ಇಲ್ಲ.

ಬೇರೆ ಕಡೆ ಹೇಗೆ ಬೆಳೀತು?

ಇಂಟರ್ನೆಟ್ ಇಲ್ಲದ ಕಾಲದಲ್ಲಿ ಈ ಆಟದ ಸುದ್ದಿ ಹರಡಿದ್ದು ಕಾಗದದಲ್ಲಿ ಮತ್ತು ಬಾಯಿಮಾತಲ್ಲಿ. ಪಿಡಿಜಿಎ ತನ್ನ ಸದಸ್ಯರಿಗಾಗಿ ‘ಡಿಸ್ಕ್‌ಗಾಲ್ಫರ್’ ಅನ್ನೋ ಅಚ್ಚಿನ ಪತ್ರಿಕೆ ಕೂಡ ಮಾಡಿತು. ಈಗ ಯೂಡಿಸ್ಕ್ ಆ್ಯಪ್ ತೆಗೆದರೆ ಹತ್ತಿರದ ಅಂಕಣ ನಕ್ಷೆಯಲ್ಲಿ ಕಾಣ್ತದೆ. ಯೂಟ್ಯೂಬ್‌ನಲ್ಲಿ ದೊಡ್ಡ ಪಂದ್ಯಗಳು ಪೂರ್ತಿ ಸಿಗ್ತವೆ. 2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೇಮ್ಸ್ ಕಾನ್ರಾಡ್ ಕೊನೆಯ ಗುರಿಯಲ್ಲಿ 247 ಅಡಿ ದೂರದಿಂದ ನೇರವಾಗಿ ಬುಟ್ಟಿಗೆ ಹಾಕಿ ಪಂದ್ಯ ಸಮ ಮಾಡಿಕೊಂಡು, ಆಮೇಲೆ ಗೆದ್ದೇಬಿಟ್ಟರು. ಆ ವಿಡಿಯೋ ಆಟದ ಗಂಧ ಇಲ್ಲದವರ ಫೋನಿಗೂ ಹೋಯ್ತು. ನಾವು ಈ ಆಟಕ್ಕೆ ಬಿದ್ದಿದ್ದೂ ಅದನ್ನು ನೋಡಿಯೇ.

ಆದರೆ ಅಲ್ಲಿ ವಿಡಿಯೋ ನೋಡಿದವನಿಗೆ ಮನೆ ಹತ್ತಿರದ ಪಾರ್ಕಿನಲ್ಲಿ ಬುಟ್ಟಿ ಸಿಗೋ ಸಾಧ್ಯತೆ ಇದೆ. ಪಕ್ಕದಲ್ಲಿ ದೂರ, ದಾರಿ ತೋರಿಸೋ ಬೋರ್ಡೂ ಇರ್ತದೆ. ಯಾರೋ ಆಡ್ತಾ ಇರ್ತಾರೆ. ಅಂದರೆ ಆನ್‌ಲೈನ್ ಹುಟ್ಟಿಸಿದ ಆಸೆಗೆ ನೆಲದ ಮೇಲೆ ಒಂದು ವಿಳಾಸ ಇದೆ. ನಮ್ಮ ಕಡೆ ಬೆಂಗಳೂರಿನಲ್ಲಿ ಅಲ್ಟಿಮೇಟ್ ಅನ್ನೋ ಇನ್ನೊಂದು ತಟ್ಟೆ ಆಟದ ತಂಡಗಳಿವೆ. ಸೇಡಂ, ಚಿಂಚೋಳಿ ಕಡೆ ನಾವು ಕೇಳಿದ ಯಾರಿಗೂ ತಟ್ಟೆ ಎಸೆಯೋದು ಒಂದು ಆಟ ಅಂತಲೇ ಗೊತ್ತಿರಲಿಲ್ಲ. ಗೊತ್ತೇ ಇಲ್ಲದ ವಸ್ತುವನ್ನು ಯಾರೂ ಸರ್ಚ್ ಮಾಡೋದಿಲ್ಲ.

ನಾಲ್ಕು ಮೆಟ್ಟಿಲು

ಪ್ರಚಾರವನ್ನು ನಾವು ಈಗ ನಾಲ್ಕು ಮೆಟ್ಟಿಲಾಗಿ ನೋಡ್ತೀವಿ: ಕಂಡವರು, ತಿಳಿದುಕೊಂಡವರು, ಬಂದವರು, ಮತ್ತೆ ಬಂದವರು. ಫೋನ್ ನಮಗೆ ಎಣಿಸಿ ಕೊಡೋದು ಮೊದಲನೆಯದನ್ನು ಮಾತ್ರ. ವ್ಯೂಸ್ ನೋಡಿ ನಾವು ಖುಷಿಯಾಗಿದ್ವಿ. ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಬಂದವರು ಮೂವರು. ಮೂವರೂ ನಮ್ಮ ಗೆಳೆಯನ ಕಾಕಾನ ಮಕ್ಕಳು.

ಯಾಕೆ ಹೀಗಾಯ್ತು? ಇನ್‌ಸ್ಟಾಗ್ರಾಂ ನಮ್ಮ ಪೋಸ್ಟನ್ನು ಊರು ನೋಡಿ ಹಂಚೋದಿಲ್ಲ. ಯಾರು ನೋಡಬಹುದು ಅಂತ ಅದಕ್ಕೆ ಅನಿಸ್ತದೋ ಅವರಿಗೆ ತೋರಿಸ್ತದೆ. ದುಡ್ಡು ಕೊಟ್ಟರೆ ನಕ್ಷೆಯಲ್ಲಿ ಪಿನ್ ಇಟ್ಟು ಇಷ್ಟು ಕಿ.ಮೀ. ಸುತ್ತಳತೆ ಅಂತ ಹೇಳಬಹುದು, ನಾವು ಕೊಟ್ಟಿರಲಿಲ್ಲ. ವಾಟ್ಸಾಪ್ ಸ್ಟೇಟಸ್ ಕಾಣೋದು ನಮ್ಮ ನಂಬರ್ ಇಟ್ಕೊಂಡವರಿಗೆ, ಅದೂ 24 ಗಂಟೆ. ಸುಳ್ಳು ಸುದ್ದಿ ತಡೆಯೋಕೆ ಅಂತ 2018ರಿಂದ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಮಾಡಬಹುದು. ಒಳ್ಳೆಯ ನಿಯಮ. ಆದರೆ ನಮ್ಮ ಪೋಸ್ಟರಿಗೂ ಅದೇ ಬಾಗಿಲು.

ಇನ್ನೊಂದು ಸಮಸ್ಯೆ ನಮ್ಮದೇ ಭಾಷೆ. ಪೋಸ್ಟರ್‌ನಲ್ಲಿ ‘ಡಿಸ್ಕ್ ಗಾಲ್ಫ್ ಇಂಟ್ರೊಡಕ್ಟರಿ ಈವೆಂಟ್’ ಅಂತ ಬರೆದಿದ್ವಿ. ಇಂಗ್ಲಿಷ್ ಮೀಡಿಯಂ ಬುದ್ಧಿ! ಅದನ್ನು ಕಿರಾಣಿ ಅಂಗಡಿ ಕಾಕಾಗೆ ತೋರಿಸಿದ್ರೆ, “ಡಿಶ್ ರಿಚಾರ್ಜ್ ಮಾಡ್ತೀರೇನು ತಮ್ಮಾ?” ಅಂದ್ರು. ಕಂಡರು, ಆದರೆ ತಿಳಿಯಲಿಲ್ಲ.

ಕಾಗದ ಹಿಡಿದು ಹೊರಟಾಗ

ಎರಡನೇ ವಾರ ಕರಪತ್ರ ಮಾಡಿದ್ವಿ. ಈ ಸಲ ದೊಡ್ಡ ಅಕ್ಷರದಲ್ಲಿ ‘ತಾಟು ಒಗೆಯೋ ಆಟ’ ಅಂತ ಹಾಕಿ, ಕೆಳಗೆ ಸಣ್ಣದಾಗಿ ಡಿಸ್ಕ್ ಗಾಲ್ಫ್ ಅಂತ ಬರೆದ್ವಿ. ಜೊತೆಗೆ ಮರ, ಬುಟ್ಟಿ, ತಟ್ಟೆಯ ಒಂದು ಚಿತ್ರ, ಯಾಕಂದ್ರೆ ಇದು ಗಡಿ ಭಾಗ, ತೆಲುಗು, ಉರ್ದು ಆಡೋರೂ ಇದ್ದಾರೆ. ‘ಫೀಸ್ ಇಲ್ಲ. ತಾಟು ನಾವೇ ಕೊಡ್ತೀವಿ. ಹುಡುಗೀರೂ ಬರ್ರಿ’ ಅನ್ನೋ ಮೂರು ಮಾತು ಸೇರಿಸಿದ್ವಿ.

ಒಂದು ಎ4 ಹಾಳೆಯಲ್ಲಿ ನಾಲ್ಕು ಕರಪತ್ರ ಹಿಡಿಸ್ತದೆ. 50 ಹಾಳೆ ಜೆರಾಕ್ಸ್, ಹಾಳೆಗೆ 2 ರೂಪಾಯಿ, ಒಟ್ಟು 100 ರೂಪಾಯಿಗೆ 200 ಕರಪತ್ರ. ಒಂದಕ್ಕೆ 50 ಪೈಸೆ. ಫ್ಲೆಕ್ಸ್ ಹಾಕಿಸೋಣ ಅಂತ ಒಬ್ಬ ಹೇಳಿದ, ಬೇಡ ಅಂದ್ವಿ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ.

ಇಲ್ಲಿ ಎರಡು ತಾಂತ್ರಿಕ ಪಾಠ ಕಲಿತ್ವಿ, ಬೇರೆ ಯಾವ ಕಾರ್ಯಕ್ರಮಕ್ಕಾದರೂ ನಿಮಗೆ ಉಪಯೋಗ ಆಗ್ತದೆ.

ಒಂದು, ಅಕ್ಷರ. ಫೋನಿನಲ್ಲಿ ನಾವು ಟೈಪ್ ಮಾಡೋ ಕನ್ನಡ ಯೂನಿಕೋಡ್. ಡಿಟಿಪಿ ಅಂಗಡಿಯ ಹಳೇ ಸಾಫ್ಟ್‌ವೇರ್ ನಡೆಯೋದು ನುಡಿಯ ಹಳೇ ಫಾಂಟ್‌ಗಳ ಮೇಲೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿರ್ತವೆ. ಹಾಗಾಗಿ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೇರ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಮೊದಲು ಪರಿವರ್ತಕದಲ್ಲಿ ಹಾಕಿ ಬದಲಾಯಿಸಬೇಕು, ಆಮೇಲೆ ಪ್ರಿಂಟಿಗೆ ಮುಂಚೆ ಗಟ್ಟಿಯಾಗಿ ಓದಬೇಕು.

ಎರಡು, ಕ್ಯೂಆರ್ ಕೋಡ್. ಇದರಲ್ಲಿ ತಪ್ಪು ಸರಿಪಡಿಸೋ ನಾಲ್ಕು ಮಟ್ಟ ಇವೆ: ಎಲ್, ಎಂ, ಕ್ಯೂ, ಎಚ್. ಎಲ್‌ನಲ್ಲಿ ಸುಮಾರು ಶೇ 7ರಷ್ಟು, ಎಚ್‌ನಲ್ಲಿ ಸುಮಾರು ಶೇ 30ರಷ್ಟು ಭಾಗ ಹಾಳಾದರೂ ಕೋಡ್ ಓದಬಹುದು. ಕಲ್ಲಿನ ದೂಳು, ಸಿಮೆಂಟ್ ದೂಳಿನ ಊರುಗಳಲ್ಲಿ ಗೋಡೆಗೆ ಹಚ್ಚೋ ಕಾಗದಕ್ಕೆ ಎಚ್ ಒಳ್ಳೇದು. ಆದರೆ ಮಟ್ಟ ಏರಿದ ಹಾಗೆ ಚೌಕಗಳು ಹೆಚ್ಚಾಗಿ ಸಣ್ಣ ಆಗ್ತವೆ. ಅದಕ್ಕೇ ಲಿಂಕ್ ಚಿಕ್ಕದಿರಬೇಕು. ನಾವು ಮೊದಲು ಮಾರುದ್ದ ಮ್ಯಾಪ್ ಲಿಂಕ್ ಹಾಕಿ, ಜೆರಾಕ್ಸ್‌ನಲ್ಲಿ ಮಸಿ ಹರಡಿ, ಒಂದೂ ಸ್ಕ್ಯಾನ್ ಆಗಲಿಲ್ಲ.

ಬಸ್ ಸ್ಟ್ಯಾಂಡ್, ಚಹಾದ ಅಂಗಡಿ, ಸಂತೆ, ಎಲ್ಲಕ್ಕಿಂತ ಮುಖ್ಯ ಶಾಲೆ. ಪಿಟಿ ಸರ್ ಪ್ರಾರ್ಥನೆ ಹೊತ್ತಿಗೆ ಅದನ್ನು ಓದಿ ಹೇಳಿದ್ರು. ಎರಡನೇ ಭಾನುವಾರ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಂದ್ರು. ಒಬ್ಬೊಬ್ಬರನ್ನೂ “ಹ್ಯಾಂಗ ಗೊತ್ತಾತು?” ಅಂತ ಕೇಳಿ ಬರೆದುಕೊಂಡ್ವಿ. “ಸರ್ ಹೇಳ್ಯಾರ”, “ಚೀಟಿ ಓದೀನ್ರಿ”, “ಇವ ಬಂದ, ಅದಕ್ ನಾನೂ ಬಂದೆ”. ಫೋನಿನಲ್ಲಿ ನೋಡಿ ಬಂದೆ ಅಂದವರು ಇಬ್ಬರೇ.

ಹಾಗಂತ ಕಾಗದ ಗೆದ್ದಿತು ಅಂತ ಬರೆದರೆ ನಮ್ಮ ಲ್ಯಾಬ್ ಸರ್ ಬೈತಾರೆ. ನಾವು ಒಂದೇ ಸಲಕ್ಕೆ ಹಲವು ವೇರಿಯಬಲ್ ಬದಲಾಯಿಸಿದ್ವಿ. ಮಾಧ್ಯಮ ಬದಲಾಯ್ತು, ಭಾಷೆ ಬದಲಾಯ್ತು, ಸರ್ ಮಾತು ಸೇರ್ತು, ಮೊದಲ ವಾರ ನೋಡಿದವರ ಬಾಯಿಮಾತೂ ಸೇರ್ತು. ಆದರೂ ಒಂದು ಮಾತು ಹೇಳಬಹುದು. ಕಾಗದ ಆಟವನ್ನು ಹುಡುಕದೇ ಇದ್ದವರ ಕೈಗೆ ಹೋಯ್ತು. ಜೊತೆಗೆ ಅದನ್ನು ಕೊಟ್ಟವರ ಮುಖವೂ ಇತ್ತು.

ಮೂರನೇ ಭಾನುವಾರ

ಬಂದವರನ್ನು ಉಳಿಸಿಕೊಳ್ಳೋಕೆ ವಾಟ್ಸಾಪ್ ಗ್ರೂಪ್ ಮಾಡಿದ್ವಿ. ಇಲ್ಲಿ ಫೋನ್ ನಿಜಕ್ಕೂ ಕೆಲಸಕ್ಕೆ ಬಂತು. ಎಸೆಯುವಾಗ ಮಣಿಕಟ್ಟು ಹೇಗೆ ತಿರುಗಬೇಕು ಅಂತ ಕರಪತ್ರದಲ್ಲಿ ಬರೆಯೋಕಾಗಲ್ಲ, ಹತ್ತು ಸೆಕೆಂಡಿನ ವಿಡಿಯೋ ಸಾಕು. ಸ್ಕೋರ್ ಹಾಕಿದ್ರೆ ಸೋತವರು ಮತ್ತೆ ಬರ್ತಾರೆ. ಆ ವಾರ ಮೈದಾನದಲ್ಲಿ ಬೆಳಿಗ್ಗೆ ಬೇರೆ ಕಾರ್ಯಕ್ರಮ ಇತ್ತು. ಶನಿವಾರ ರಾತ್ರಿ ಗ್ರೂಪಲ್ಲಿ ‘ನಾಳೆ ಸಂಜೆ ನಾಲ್ಕಕ್ಕೆ’ ಅಂತ ಹಾಕಿ ಮಲಗಿದ್ವಿ. ಟಿಕ್ ಎಲ್ಲ ನೀಲಿ ಆಗಿದ್ದವು.

ಸಂಜೆ ಹುಡುಗರು ಬಂದ್ರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬರಲಿಲ್ಲ. ಹಿಂದಿನ ವಾರ ಬೇವಿನ ಮರದ ಗುರಿಯನ್ನು ಎರಡೇ ಎಸೆತಕ್ಕೆ ಮುಗಿಸಿದ್ದು ಅವಳೊಬ್ಬಳೇ. ಕರಪತ್ರವನ್ನು ಮಡಚಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಆಮೇಲೆ ಪಿಟಿ ಸರ್ ಹೇಳಿದ್ರು: ಅವಳು ಬೆಳಿಗ್ಗೆ ಏಳಕ್ಕೇ ಬಂದಿದ್ದಳು. ನಮ್ಮನ್ನು ಕಾಣದೆ, ಬೇರೆಯವರ ಕಾರ್ಯಕ್ರಮದ ಕುರ್ಚಿಗಳ ಮಧ್ಯೆ ಸ್ವಲ್ಪ ಹೊತ್ತು ನಿಂತು ವಾಪಸ್ ಹೋದಳು.

ಮುಂದಿನ ಸಲ ಸಿಕ್ಕಾಗ ಕೇಳಿದ್ವಿ. “ನಂಗ ಫೋನ್ ಇಲ್ಲಣ್ಣಾ. ಅಪ್ಪನ ಫೋನಿಗಿ ಬಂದಿತ್ತು. ಅಪ್ಪ ಅದು ನೋಡಿ ಬಿಟ್ಟಾನ, ನಂಗೇನು ಹೇಳಿಲ್ಲ.”

ಆ ನೀಲಿ ಟಿಕ್ಕುಗಳಲ್ಲಿ ಒಂದು ಅವಳಪ್ಪನದು. ಅವಳು ನೋಡಿದ್ದಾಳೆ ಅಂತ ನಾವು ಎಣಿಸಿದ್ವಿ. ತಪ್ಪು ಅವಳಪ್ಪನದಲ್ಲ, ನಮ್ಮದು. ಕಾಗದದಲ್ಲಿ ಕರೆದು ಫೋನಿನಲ್ಲಿ ಟೈಮ್ ಬದಲಾಯಿಸಿದ್ವಿ. ಒಂದು ಬಾಗಿಲಿಂದ ಕರೆದವರಿಗೆ ಇನ್ನೊಂದು ಬಾಗಿಲಲ್ಲಿ ಸುದ್ದಿ ಕೊಟ್ಟ ಹಾಗಾಯ್ತು.

ಹಾಗಾದರೆ ಯಾವುದು?

ಈಗ ನಾವು ಮಾಡೋದು ಹೀಗೆ. ಆಟವೇ ಗೊತ್ತಿಲ್ಲದವರನ್ನು ಕರೆಯೋಕೆ ಕಾಗದ, ಊರಿನ ಮಾತಲ್ಲಿ, ಯಾರಾದರೂ ನಂಬುವ ಮನುಷ್ಯರ ಕೈಯಿಂದ. ಅದರಲ್ಲಿ ತಾಲ್ಲೂಕು, ಮೈದಾನ, ದಿನ, ಗಂಟೆ ಸ್ಪಷ್ಟ ಇರಬೇಕು. ಆನ್‌ಲೈನ್‌ನಲ್ಲೂ ಬರೀ ‘ಮುಧೋಳ’ ಅಂತ ಬರೆಯಲ್ಲ, ‘ಸೇಡಂ ತಾ. ಮುಧೋಳ’ ಅಂತಲೇ ಬರೀತೀವಿ. ಬಂದವರಿಗೆ ಕಲಿಸೋಕೆ, ಸ್ಕೋರ್ ಹಂಚೋಕೆ, ವಾಡಿ, ಚಿಂಚೋಳಿ ಕಡೆಯ ಆಸಕ್ತರನ್ನು ಒಟ್ಟು ಮಾಡೋಕೆ ಫೋನ್. ಅಷ್ಟು ದೂರಕ್ಕೆ ಕರಪತ್ರ ಹಿಡ್ಕೊಂಡು ಬಸ್ ಹತ್ತೋಕಾಗಲ್ಲ. ಟೈಮ್ ಬದಲಾದರೆ ಮಾತ್ರ ಎರಡೂ ಕಡೆ. ಗ್ರೂಪಿನಲ್ಲಿ ಮೆಸೇಜು, ಶಾಲೆಯ ನೋಟಿಸ್ ಬೋರ್ಡಿನಲ್ಲಿ ಶುಕ್ರವಾರವೇ ಒಂದು ಚೀಟಿ. ಶುಕ್ರವಾರದ ನಂತರ ಟೈಮ್ ಬದಲಾಯಿಸೋದಿಲ್ಲ, ಬೇಕಾದರೆ ಆ ವಾರ ಆಟವೇ ಬೇಡ. ಮತ್ತೆ ಬಂದವರನ್ನೆಲ್ಲ ಹೇಗೆ ಗೊತ್ತಾಯ್ತು ಅಂತ ಕೇಳ್ತೀವಿ, ಬರದವರನ್ನು ಯಾಕೆ ಬರಲಿಲ್ಲ ಅಂತಲೂ ಕೇಳ್ತೀವಿ. ಎರಡನೇ ಪ್ರಶ್ನೆಯನ್ನು ಯಾವ ಆ್ಯಪೂ ಕೇಳಲ್ಲ.

ನಮ್ಮ ಕಾಲೇಜಿನಲ್ಲಿ ಫೆಸ್ಟ್, ರಕ್ತದಾನ, ಟೆಕ್ ಟಾಕ್ ಅಂತ ಏನೇ ಮಾಡಿದ್ರೂ ಸ್ಟೇಟಸ್ ಹಾಕಿ ‘ಎಲ್ಲರಿಗೂ ಹೇಳಿದ್ವಿ’ ಅಂತೀವಿ. ಹಾಸ್ಟೆಲ್ ಮೆಸ್ಸಿನ ಅಣ್ಣಂದಿರಿಗೆ, ಆ ಗ್ರೂಪಿನಲ್ಲಿ ಇಲ್ಲದ ಲ್ಯಾಟರಲ್ ಎಂಟ್ರಿ ಗೆಳೆಯರಿಗೆ ಗೊತ್ತಾಯ್ತಾ ಅಂತ ಒಂದ್ಸಲ ಕೇಳಿ ನೋಡಿ.

ಬರುವ ರಜೆಯಲ್ಲಿ ಮತ್ತೆ ಮುಧೋಳಕ್ಕೆ ಹೋಗ್ತೀವಿ. ಎರಡನೇ ಬುಟ್ಟಿಗೆ ಇನ್ನೊಂದು ಸೈಕಲ್ ರಿಮ್ ಸಿಕ್ಕಿದೆ, ಸರಪಳಿ ಬೇಕು. ಯಾರ ಮನೆಯಲ್ಲಾದರೂ ಹಳೇದು ಬಿದ್ದಿದ್ರೆ ಕೊಡಿ. ಬೇವಿನ ಮರದ ಗುರಿಯನ್ನು ಎರಡು ಎಸೆತಕ್ಕೆ ಮುಗಿಸೋದು ಹೇಗೆ ಅಂತ ಆ ಹುಡುಗಿಯಿಂದ ನಾವು ಇನ್ನೂ ಕಲಿಯೋದಿದೆ. ನಮಗೆ ಇವತ್ತಿಗೂ ಮೂರು ಬೇಕು.