ಭಯಾನಕವೂ ವೀರವೂ: ಒಬ್ಬ ಸಾಮಾನ್ಯ ಪ್ರೇಕ್ಷಕನ ವಿಚಾರ

ನಾನು ಚಲಚ್ಚಿತ್ರಗಳ ವಿಮರ್ಶಕನಲ್ಲ. ವರ್ಷಕ್ಕೆ ನಾಲ್ಕೈದು ಸಲ, ಮನೆಯವರ ಒತ್ತಾಯಕ್ಕೋ ಮಳೆಗಾಲದ ಬೇಸರಕ್ಕೋ, ಚಿತ್ರಮಂದಿರದ ಮೆಟ್ಟಿಲು ಹತ್ತುವವನು. ಉಳಿದ ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ನೋಡಿ ತೃಪ್ತನಾಗುವವನು. ಛಾಯಾಗ್ರಹಣದ ಸೂಕ್ಷ್ಮಗಳಾಗಲಿ ಸಂಕಲನದ ಮರ್ಮಗಳಾಗಲಿ ನನಗೆ ತಿಳಿಯವು. ಆದರೂ ಈಚಿನ ಭಯಾನಕ ಚಿತ್ರಗಳನ್ನೂ ಹೊಡೆದಾಟದ ಚಿತ್ರಗಳನ್ನೂ ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿರುವುದಕ್ಕೆ ಒಂದು ಕಾರಣವುಂಟು.

ಕೆಲವು ಕಾಲದ ಹಿಂದೆ ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಒಂದು ಹೊಡೆದಾಟದ ಚಿತ್ರಕ್ಕೆ ಹೋಗಿದ್ದೆನು. ಅದರ ಹೆಸರು ಇಲ್ಲಿ ಬೇಡ. ಎರಡೂವರೆ ಗಂಟೆಗಳಲ್ಲಿ ನಾಯಕನು ಎಷ್ಟು ಮಂದಿಯನ್ನು ಕೊಂದನೋ ಲೆಕ್ಕವಿಟ್ಟವರಿಲ್ಲ. ಒಬ್ಬೊಬ್ಬನು ಬಿದ್ದಾಗಲೂ ಜನರು ಸಿಳ್ಳು ಹಾಕಿದರು. ನಾನೂ ಒಂದೆರಡು ಸಲ ಚಪ್ಪಾಳೆ ತಟ್ಟಿದೆನೆಂದು ಒಪ್ಪಿಕೊಳ್ಳಬೇಕು. ಹಿಂದಿರುಗುವಾಗ ಹುಡುಗನು ಮಾತಾಡಲಿಲ್ಲ. ಮನೆಯ ತಿರುವಿಗೆ ಬಂದಾಗ, “ತಾತಾ, ಅಷ್ಟು ಜನ ಸತ್ತರಲ್ಲ, ಅವರ ಮನೆಗೆ ಯಾರು ಹೋಗಿ ಹೇಳುತ್ತಾರೆ?” ಎಂದು ಕೇಳಿದನು. “ಅದು ಬರೀ ಸಿನಿಮಾ, ಮಗು” ಎಂದೆನು. ಅದು ಉತ್ತರವಲ್ಲವೆಂಬುದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಅಂದಿನಿಂದ ಯಾವ ಚಿತ್ರವನ್ನು ನೋಡಿದರೂ ಆ ಪ್ರಶ್ನೆಯನ್ನೇ ಅಳತೆಗೋಲಾಗಿ ಹಿಡಿಯುವ ಅಭ್ಯಾಸವಾಗಿದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ಭಯಾನಕಕ್ಕೆ ಭಯವೂ, ವೀರಕ್ಕೆ ಉತ್ಸಾಹವೂ, ರೌದ್ರಕ್ಕೆ ಕ್ರೋಧವೂ, ಬೀಭತ್ಸಕ್ಕೆ ಜುಗುಪ್ಸೆಯೂ ಸ್ಥಾಯಿಭಾವಗಳೆಂದು ನಾಟ್ಯಶಾಸ್ತ್ರದಲ್ಲಿ ಬೇರೆ ಬೇರೆಯಾಗಿಯೇ ಹೇಳಿದೆ. ಇಂದಿನ ಅನೇಕ ಚಿತ್ರಗಳಲ್ಲಿ ಈ ಗಡಿಗಳು ಅಳಿಸಿಹೋಗಿವೆ. ಬೆಚ್ಚಿಬೀಳಿಸುವುದೇ ಭಯವೆಂದೂ, ನೆತ್ತರು ಹರಿಸುವುದೇ ಶೌರ್ಯವೆಂದೂ ಅವುಗಳನ್ನು ತೆಗೆಯುವವರು ತಿಳಿದಂತಿದೆ. ಕತ್ತಲೆಯಲ್ಲಿ ಥಟ್ಟನೆ ಒಂದು ವಿಕಾರವಾದ ಮುಖವನ್ನು ತೋರಿಸಿ, ಕಿವಿ ಗಡಚಿಕ್ಕುವಂತೆ ವಾದ್ಯ ಬಾರಿಸಿದರೆ ಯಾರಾದರೂ ಬೆಚ್ಚುವರು. ನಡುರಾತ್ರಿ ಅಡಿಗೆಮನೆಯಲ್ಲಿ ಬೆಕ್ಕು ಪಾತ್ರೆ ಕೆಡವಿದರೂ ಬೆಚ್ಚುವೆವು. ನಿಜವಾದ ಭಯವು ಮನೆಗೆ ಬಂದು ದೀಪವಾರಿಸಿದ ಮೇಲೂ ಉಳಿಯತಕ್ಕದ್ದು.

ಅಂತಹ ಭಯವನ್ನು ನನಗೆ ಕೊಟ್ಟುದು ೨೦೧೬ರಲ್ಲಿ ತೆರೆಗೆ ಬಂದ ಪವನ್ ಕುಮಾರರ ‘ಯೂ ಟರ್ನ್’. ಬೆಂಗಳೂರಿನ ಡಬಲ್ ರೋಡಿನ ಮೇಲುಸೇತುವೆಯಲ್ಲಿ, ಬಳಸಿ ಹೋಗಲು ಬೇಸರಪಟ್ಟ ಮೋಟಾರು ಸೈಕಲ್ಲಿನ ಸವಾರರು ರಸ್ತೆಯ ನಡುವಣ ಕಲ್ಲನ್ನು ಸರಿಸಿ ತಿರುಗಿಕೊಳ್ಳುವರು. ಸರಿಸಿದ ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗುವರು. ಕತೆಯೆಲ್ಲವೂ ಈ ಒಂದು ಅಲಕ್ಷ್ಯದಿಂದ ಹುಟ್ಟುವುದು. ಅಲ್ಲಿಯ ಪ್ರೇತಕ್ಕಿಂತಲೂ ನನ್ನನ್ನು ಹೆದರಿಸಿದುದು ಆ ಕಲ್ಲು. ನನ್ನ ಅನುಕೂಲಕ್ಕಾಗಿ ನಾನೂ ಎಷ್ಟು ಕಲ್ಲುಗಳನ್ನು ಸರಿಸಿ ಬಂದಿರುವೆನೋ! ಸತ್ತವರಿಗೂ ಒಂದು ಮನೆಯಿತ್ತೆಂಬುದನ್ನು ಆ ಚಿತ್ರವು ಕಡೆಯವರೆಗೂ ಮರೆಯುವುದಿಲ್ಲ.

೨೦೨೪ರಲ್ಲಿ ಬಂದ ರಾಹುಲ್ ಸದಾಶಿವನ್ ಅವರ ಮಲೆಯಾಳಂ ಚಿತ್ರ ‘ಭ್ರಮಯುಗಂ’ ಇನ್ನೊಂದು ಬಗೆಯದು. ಈ ಕಾಲದಲ್ಲಿಯೂ ಅದನ್ನು ಕಪ್ಪು ಬಿಳುಪಿನಲ್ಲಿಯೇ ತೆಗೆದಿರುವರು. ಮಳೆ ಸುರಿಯುವ ಕಾಡು, ಒಂದು ಪಾಳುಮನೆ, ಬೆರಳೆಣಿಕೆಯ ಜನ. ಓಡಿಬಂದ ಹಾಡುಗಾರನೊಬ್ಬನು ಆಶ್ರಯ ಬೇಡುವನು. ಮಮ್ಮೂಟ್ಟಿಯವರು ಮನೆಯೊಡೆಯನಾಗಿ ಅವನೊಡನೆ ದಾಳವಾಡಲು ಕೂರುವರು. ಪಣವೋ ಹಾಡುಗಾರನ ಆಯುಷ್ಯದ ಕಾಲವೇ! ಅಲ್ಲಿ ಮುದುಕನ ಒಂದು ನಗೆಗೆ ಮೈ ಜುಮ್ಮೆನ್ನುವುದು. ನಮ್ಮ ಯಕ್ಷಗಾನದವರು ಈ ರಹಸ್ಯವನ್ನು ಎಂದೋ ಬಲ್ಲರು. ಬಣ್ಣದ ವೇಷವು ಒಮ್ಮೆಗೇ ಎದುರಿಗೆ ಬಂದು ನಿಲ್ಲುವುದಿಲ್ಲ. ತೆರೆಯ ಹಿಂದಿನಿಂದ ಆರ್ಭಟ ಕೇಳಿಸಿ, ಅಷ್ಟಷ್ಟೇ ಕಾಣಿಸಿಕೊಂಡು, ನಮ್ಮ ಕಲ್ಪನೆಯನ್ನು ಕೆರಳಿಸಿದ ಮೇಲೆಯೇ ಪೂರ್ಣರೂಪವನ್ನು ತೋರುವುದು.

ಇನ್ನು ಹೊಡೆದಾಟದ ಚಿತ್ರಗಳು. ಪ್ರಶಾಂತ್ ನೀಲರ ‘ಕೆ.ಜಿ.ಎಫ್.’ ಮೊದಲನೆಯ ಭಾಗವು ೨೦೧೮ರಲ್ಲಿ ಬಂದಾಗ ಎಲ್ಲರಂತೆ ನಾನೂ ಮೆಚ್ಚಿದೆನು. ಅದರ ಸಾಹಸಸಂಯೋಜನೆಗೆ ರಾಷ್ಟ್ರಪ್ರಶಸ್ತಿ ದೊರಕಿದುದು ನ್ಯಾಯವೇ. ಗಣಿಯಲ್ಲಿ ಗುಲಾಮರಾಗಿ ನವೆಯುವ ಜನರ ಸಂಕಟವನ್ನು ನಾವು ಮೊದಲು ಕಂಡಿರುವೆವು. ಆದುದರಿಂದ ನಾಯಕನು ಕೈಯೆತ್ತಿದಾಗ ನಮ್ಮಲ್ಲಿ ಹುಟ್ಟುವುದು ಉತ್ಸಾಹ. ೨೦೨೨ರ ಎರಡನೆಯ ಭಾಗವು ಇನ್ನೂ ದೊಡ್ಡ ಗೆಲುವನ್ನು ಪಡೆಯಿತು. ಆದರೆ ಅಲ್ಲಿ ಆಯುಧಗಳು ಬೆಳೆದಷ್ಟೂ ಮನುಷ್ಯರು ಸಣ್ಣವರಾದರೆಂದು ನನಗೆ ತೋರಿತು.

೨೦೨೪ರಲ್ಲಿ ಬಿಡುಗಡೆಯಾದ ನಿಖಿಲ್ ನಾಗೇಶ್ ಭಟ್ಟರ ಹಿಂದಿ ಚಿತ್ರ ‘ಕಿಲ್’ ಅದಕ್ಕಿಂತಲೂ ಘೋರವಾದುದು. ದೆಹಲಿಗೆ ಹೋಗುವ ರೈಲುಗಾಡಿಯೊಳಗಿನ ಕಾಳಗವದು. ಅರ್ಧ ಚಿತ್ರವನ್ನು ತಲೆ ತಗ್ಗಿಸಿಯೇ ಕಳೆದೆನು. ಆದರೂ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯ ದರೋಡೆಗಾರರೆಲ್ಲರೂ ಬಂಧುಬಳಗದವರು. ತಮ್ಮವನೊಬ್ಬನು ಸತ್ತಾಗ ಅವರು ಹೆಣದ ಮುಂದೆ ಅಳುವರು. ಹೋಗಹೋಗುತ್ತ ನಾಯಕನೇ ರಾಕ್ಷಸನಂತೆ ಕಾಣತೊಡಗುವನು. ಕ್ರೋಧವನ್ನು ಕ್ರೋಧವೆಂದೇ ತೋರಿಸುವ ಪ್ರಾಮಾಣಿಕತೆ ಅದರಲ್ಲಿದೆ. ಚಿತ್ರ ಮಕ್ಕಳಿಗೆ ಸರ್ವಥಾ ತಕ್ಕುದಲ್ಲ; ಆದರೆ ನನ್ನ ಮೊಮ್ಮಗನ ಪ್ರಶ್ನೆಯು ಅದನ್ನು ತೆಗೆದವರಿಗೆ ಹೊಳೆದಿತ್ತು.

ಸಂಸ್ಕೃತ ನಾಟಕಸಂಪ್ರದಾಯವು ಸಾಮಾನ್ಯವಾಗಿ ಸಾವನ್ನು ರಂಗದ ಮೇಲೆ ತೋರಿಸುವುದಿಲ್ಲ. ‘ಊರುಭಂಗ’ದಲ್ಲಿ ದುರ್ಯೋಧನನು ನಮ್ಮ ಕಣ್ಣೆದುರಿಗೇ ಸಾಯುವನು, ನಿಜ. ಆದರೆ ಕವಿಯು ಆ ಸ್ಥಳಕ್ಕೆ ಕುರುಡ ತಂದೆಯನ್ನೂ ತಾಯಿಯನ್ನೂ ಮಡದಿಯರನ್ನೂ ಕರೆತರುವನು; ಎಳೆಯ ಮಗ ದುರ್ಜಯನು ಬಂದು, ಮುರಿದ ತೊಡೆಯನ್ನರಿಯದೆ, ಅದರ ಮೇಲೆ ಕುಳಿತುಕೊಳ್ಳಲು ಬರುವನು. ಸಾವನ್ನು ತೋರಿಸುವುದಾದರೆ ಹೀಗೆ ತೋರಿಸಬೇಕು.

೨೦೨೨ರ ‘ಕಾಂತಾರ’ದಲ್ಲಿ ಭಯವೂ ಕಾಳಗವೂ ಒಂದುಗೂಡಿವೆ. ಕಡೆಯ ಭಾಗದಲ್ಲಿ ರಿಷಭ್ ಶೆಟ್ಟರ ಮೈಮೇಲೆ ದೈವವು ಬಂದಾಗಿನ ಆ ಕೂಗು ನನ್ನ ಕಿವಿಯಲ್ಲಿ ಬಹಳ ದಿನ ನಿಂತಿತ್ತು. ಆದರೆ ಕತೆಯು ಹೆಣಗಳ ನಡುವೆ ಮುಗಿಯುವುದಿಲ್ಲ. ದೈವವು ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದುಗೂಡಿಸುವುದು. ಹೊಡೆದಾಟವು ಏತಕ್ಕಾಗಿ ನಡೆಯಿತೆಂಬುದು ಆಗ ತಿಳಿಯುವುದು.

ಗೃಹಸ್ಥರಿಗೆ ಒಂದು ವಿಜ್ಞಾಪನೆ. ಚಿತ್ರದ ಅರ್ಹತಾಪತ್ರವನ್ನು ನೋಡಿಯೇ ಚೀಟಿ ಕೊಳ್ಳಬೇಕು. ‘ಎ’ ಎಂದರೆ ೧೮ ವರ್ಷ ತುಂಬಿದವರಿಗೆ ಮಾತ್ರ. ‘ಯು/ಎ’ ವರ್ಗವನ್ನು ೨೦೨೪ರಲ್ಲಿ ೭, ೧೩, ೧೬ ವರ್ಷಗಳೆಂದು ಮೂರಾಗಿ ವಿಂಗಡಿಸಿರುವರು. ಅಲ್ಲಿ ನಿರ್ಣಯವು ತಂದೆತಾಯಿಗಳದೇ. ಮನೆಯಲ್ಲಿ ನೋಡುವ ಚಿತ್ರಗಳಿಗಂತೂ ಬಾಗಿಲು ಕಾಯುವವರು ನಾವಲ್ಲದೆ ಬೇರೆ ಯಾರೂ ಇಲ್ಲ. ಅದಕ್ಕಿಂತಲೂ ಮುಖ್ಯವಾದುದು, ಚಿತ್ರ ಮುಗಿದ ಮೇಲೆ ಮಕ್ಕಳು ಆಡುವ ಮಾತಿಗೆ ಕಿವಿಗೊಡುವುದು.

ಮೊನ್ನೆ ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು, “ಅವತ್ತು ನೀನು ಕೇಳಿದ್ದೆಯಲ್ಲ, ಮಗು, ಯಾರಾದರೂ ಹೋಗಿ ಹೇಳಲೇಬೇಕಾಗಿತ್ತು. ಆ ಚಿತ್ರದವರು ಮರೆತುಬಿಟ್ಟರು. ಚಪ್ಪಾಳೆ ತಟ್ಟುವಾಗ ನಾನೂ ಮರೆತಿದ್ದೆ” ಎಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹೂಂ” ಎಂದು ಆಡಲು ಓಡಿದನು.